ದೊಡ್ಡ ಮೇಫ್ಲೈ ಗುರುತಿಸಿ ಅದರಂತೆಯೇ ಫ್ಲೈ ಕಟ್ಟುವುದು: ಸಮಗ್ರ ಮಾರ್ಗದರ್ಶಿ

ಮೇಫ್ಲೈ ನೀರಿನಲ್ಲಿ ಬೆಳೆದು ರೆಕ್ಕೆ ಬಂದಾಗ ಹೊರಗೇಳುವ ಹುಳ. ಫ್ಲೈ ಎಂದರೆ ಅದನ್ನು ಹೋಲುವಂತೆ ಗಾಳಕ್ಕೆ ದಾರ, ಕೂದಲು, ಗರಿ ಕಟ್ಟಿ ಮಾಡುವ ಹುಸಿ ಹುಳ. ದೊಡ್ಡ ಮೇಫ್ಲೈಗಳು ನೀರಿನಿಂದ ಏಳುವ ಸಂಜೆ ಸುತ್ತಲೂ ಟ್ರೌಟ್ ಮೀನುಗಳು ಬಾಯಿ ಹಾಕುತ್ತಿರುತ್ತವೆ, ನಮ್ಮ ಫ್ಲೈಯನ್ನು ಮಾತ್ರ ಒಂದೂ ಮುಟ್ಟುವುದಿಲ್ಲ. ಹೀಗೆ ಸೋತು ಬಂದವರ ಡಬ್ಬಿ ತೆರೆಸಿ ನೋಡಿದಾಗಲೆಲ್ಲ ನನಗೆ ಕಂಡದ್ದು ಹೆಚ್ಚುಕಡಿಮೆ ಒಂದೇ ತಪ್ಪು. ರೆಕ್ಕೆ, ಬಾಲ ಎಲ್ಲ ಸೇರಿಸಿ ಕಣ್ಣಂದಾಜಿನಲ್ಲಿ ‘ಇಷ್ಟುದ್ದ’ ಎಂದುಕೊಂಡು ನೇರ ಗಾಳಕ್ಕೆ ಕೈ ಹಾಕಿರುತ್ತಾರೆ. ಫ್ಲೈ ಹುಳಕ್ಕಿಂತ ಉದ್ದವಾಗಿರುತ್ತದೆ, ಅದಕ್ಕಿಂತ ಹೆಚ್ಚಾಗಿ ದಪ್ಪವಾಗಿರುತ್ತದೆ. ಬಣ್ಣ ಬೆನ್ನಿನದು. ಕೆಳಗಿನಿಂದ ನೋಡುವ ಮೀನಿಗೆ ಕಾಣುವುದು ಹೊಟ್ಟೆ.

ಅದಕ್ಕೇ ಇಲ್ಲಿ ಮೊದಲ ಅರ್ಧ ಪೂರ್ತಿ ಹುಳದ ಬಗ್ಗೆ ಇದೆ. ಹಂತಗಳನ್ನು ಹಾರಿಸಬೇಡಿ. ಹುಳದ ಅಳತೆ ಪುಸ್ತಕಕ್ಕೆ ಇಳಿಯುವ ತನಕ ವೈಸ್, ಅಂದರೆ ಗಾಳವನ್ನು ಕಚ್ಚಿ ಹಿಡಿಯುವ ಸಾಧನ, ಮುಟ್ಟಬೇಡಿ.

## ಬೇಕಾಗುವ ಸಾಮಾನು

ಹುಳ ನೋಡಲು: ಸಣ್ಣ ಕಣ್ಣಿನ ಬಲೆ, ಬಿಳಿ ತಟ್ಟೆ, 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಮಿಲಿಮೀಟರ್ ಗುರುತಿರುವ ಸ್ಕೇಲು, ಗಾಳಿಯಾಡುವ ಡಬ್ಬಿ, ನೋಟ್ ಪುಸ್ತಕ, ಪೆನ್ಸಿಲ್. ಪೆನ್ನು ಬೇಡ, ಒದ್ದೆ ಕೈಯಲ್ಲಿ ಕದಡುತ್ತದೆ.

ಕಟ್ಟಲು: ವೈಸ್, ದಾರದ ಉರುಳೆ ಹಿಡಿಯುವ ಬಾಬಿನ್, ಚೂಪು ಕತ್ತರಿ, ಗರಿ ಹಿಡಿಯುವ ಹ್ಯಾಕಲ್ ಇಕ್ಕಳ, ದಪ್ಪ ಸೂಜಿ, ಕೂದಲಿನ ತುದಿ ಸಮ ಮಾಡುವ ಸ್ಟ್ಯಾಕರ್. ದಾರ 6/0 ಅಥವಾ 140 ಡೀನಿಯರ್ ದಪ್ಪದ್ದು ಇರಲಿ. ಸಣ್ಣ ಫ್ಲೈಗೆ ಬಳಸುವ ತೆಳು ದಾರ ಜಿಂಕೆ ಕೂದಲನ್ನು ಬಿಗಿಯುವಾಗ ತುಂಡಾಗುತ್ತದೆ. ಜಿಂಕೆ ಕೂದಲು, ಬಾಲಕ್ಕೆ ಮೂಸ್ ಎಂಬ ದೊಡ್ಡ ಜಿಂಕೆಯ ಕೂದಲು, ರೆಕ್ಕೆಗೆ ಪಾಲಿ ನೂಲು, ದಾರಕ್ಕೆ ಹೊಸೆದು ಸುತ್ತುವ ನೀರು ಹೀರದ ಡಬ್ಬಿಂಗ್ ತುಪ್ಪಳ, ಮತ್ತು ಹ್ಯಾಕಲ್, ಅಂದರೆ ಹುಂಜದ ಕತ್ತಿನ ಉದ್ದ ಗರಿ.

## ಹಂತ 1: ಹುಳ ಹಿಡಿಯುವುದು

ಮೀನು ಹಿಡಿಯುವ ಜಾಗದಲ್ಲೇ, ನೀರಿನ ಮೇಲಿಂದಲೇ ಹಿಡಿಯಿರಿ. ದೊಡ್ಡ ಮೇಫ್ಲೈಗಳು ಬೆಳಕಿಗೆ ಮುತ್ತುತ್ತವೆ, ದೀಪದ ಕಂಬದ ಕೆಳಗೆ ರಾಶಿ ಬಿದ್ದಿರುತ್ತವೆ, ಹೆಕ್ಕುವುದು ಸುಲಭ. ಆದರೆ ಅವು ಎಲ್ಲಿಂದಲೋ ಹಾರಿ ಬಂದವು. ನಿಮ್ಮೆದುರಿನ ನೀರಿನಲ್ಲಿ ಏಳುತ್ತಿರುವುದು ಬೇರೆಯೇ ಬಗೆ ಇರಬಹುದು.

ಹುಳವನ್ನು ರೆಕ್ಕೆಗಳ ತುದಿಯಲ್ಲಿ ಮೆಲ್ಲಗೆ ಹಿಡಿಯಬೇಕು. ದೇಹ ಒತ್ತಿದರೆ ಬಣ್ಣವೂ ಕೆಡುತ್ತದೆ, ಬಾಲವೂ ಉದುರುತ್ತದೆ. ಎರಡು ಮೂರು ಹುಳ ಸಾಕು.

## ಹಂತ 2: ಮೇಫ್ಲೈ ಹೌದೇ, ಯಾವ ಅವಸ್ಥೆ?

ಕೂತಾಗ ರೆಕ್ಕೆ ಹಾಯಿದೋಣಿಯ ಪಟದಂತೆ ನೆಟ್ಟಗೆ ನಿಂತಿದ್ದರೆ ಮೇಫ್ಲೈ. ಬೆನ್ನ ಮೇಲೆ ಗುಡಿಸಲ ಮಾಡಿನಂತೆ ಇಳಿಬಿದ್ದಿದ್ದರೆ ಕ್ಯಾಡಿಸ್ ಎಂಬ ಬೇರೆ ಹುಳ. ಚಪ್ಪಟೆಯಾಗಿ ಮಡಿಸಿಟ್ಟಿದ್ದರೆ ಸ್ಟೋನ್‌ಫ್ಲೈ. ಇದಿಷ್ಟರಲ್ಲಿ ಯಾರೂ ಎಡವುವುದಿಲ್ಲ. ಎಡವುವುದು ಮುಂದಿನದರಲ್ಲಿ.

ಮೇಫ್ಲೈಗೆ ನೀರಿನೊಳಗೆ ನಿಂಫ್ ಅವಸ್ಥೆ. ಮೇಲೆ ಬಂದು ಪೊರೆ ಒಡೆದರೆ ಡನ್. ಡನ್ ಹಾರಿಹೋಗಿ ಮರ, ಪೊದೆ ಸೇರಿ ಇನ್ನೊಮ್ಮೆ ಪೊರೆ ಕಳಚಿದರೆ ಸ್ಪಿನ್ನರ್. ಹಾರುವ ರೆಕ್ಕೆ ಬಂದ ಮೇಲೂ ಪೊರೆ ಬಿಡುವ ಕೀಟ ಇದೊಂದೇ. ಹಾಗಾಗಿ ಒಂದೇ ಹುಳ ಎರಡು ವೇಷದಲ್ಲಿ ಸಿಗುತ್ತದೆ, ಜನ ಅದನ್ನು ಎರಡು ಜಾತಿ ಎಂದು ಬರೆದುಕೊಳ್ಳುತ್ತಾರೆ.

ಬೇರ್ಪಡಿಸಲು ರೆಕ್ಕೆ ನೋಡಿ. ಡನ್ನಿನ ರೆಕ್ಕೆ ಮಸುಕು, ಎಣ್ಣೆ ಕಾಗದದ ಹಾಗೆ. ಭೂತಗನ್ನಡಿಯಲ್ಲಿ ರೆಕ್ಕೆಯ ಹಿಂದಿನ ಅಂಚಿಗೆ ಸಣ್ಣ ರೋಮಗಳ ಸಾಲು ಕಾಣುತ್ತದೆ. ಸ್ಪಿನ್ನರಿನ ರೆಕ್ಕೆ ಗಾಜಿನಂತೆ ಹೊಳೆಯುತ್ತದೆ, ರೋಮದ ಸಾಲು ಇರುವುದಿಲ್ಲ, ಬಾಲವೂ ಹೆಚ್ಚು ಉದ್ದ. ಗಂಡಿಗೆ ದೊಡ್ಡ ಕಣ್ಣು, ಉದ್ದ ಮುಂಗಾಲು, ಹೊಟ್ಟೆಯ ತುದಿಯಲ್ಲಿ ಚಿಮಟದಂಥ ಜೋಡಿ ಕೊಂಡಿ. ಹೆಣ್ಣು ಗಂಡಿಗಿಂತ ದೊಡ್ಡದು. ನೀರಿನ ಮೇಲೆ ಮೊಟ್ಟೆಯಿಟ್ಟು ಬೀಳುವುದು ಅದೇ ಆದ್ದರಿಂದ ಸ್ಪಿನ್ನರ್ ಅಳತೆಯನ್ನು ಹೆಣ್ಣಿನಿಂದ ತೆಗೆಯಿರಿ.

ಅನುಮಾನ ಉಳಿದರೆ ಡನ್ನನ್ನು ಒಂದು ಕಡ್ಡಿಯೊಂದಿಗೆ ಡಬ್ಬಿಯಲ್ಲಿಟ್ಟು ನೆರಳಲ್ಲಿ ಬಿಡಿ. ಸಾಮಾನ್ಯವಾಗಿ ಒಂದೆರಡು ದಿನದೊಳಗೆ ಕಡ್ಡಿಗೆ ಖಾಲಿ ಪೊರೆ ಅಂಟಿಕೊಂಡಿರುತ್ತದೆ, ಪಕ್ಕದಲ್ಲಿ ಸ್ಪಿನ್ನರ್ ಕೂತಿರುತ್ತದೆ. ಡಬ್ಬಿಯೊಳಗೆ ನೀರಿನ ಹನಿ ಇರಬಾರದು. ರೆಕ್ಕೆ ಅಂಟಿಕೊಂಡರೆ ಹುಳ ಪೊರೆಯೊಳಗೇ ಸಾಯುತ್ತದೆ.

## ಹಂತ 3: ಅಳತೆ, ಹೊಟ್ಟೆಯ ಬಣ್ಣ

ಅಳೆಯಬೇಕಾದ್ದು ತಲೆಯ ತುದಿಯಿಂದ ಹೊಟ್ಟೆಯ ತುದಿಯವರೆಗೆ ಮಾತ್ರ. ಬಾಲ ಬೇಡ, ರೆಕ್ಕೆ ಬೇಡ. ಅವನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಹೊಟ್ಟೆಯ ದಪ್ಪವನ್ನು ಮಧ್ಯದಲ್ಲಿ ಅಳೆಯಿರಿ. ಈ ಒಂದು ಸಂಖ್ಯೆಯನ್ನು ಯಾರೂ ಬರೆಯುವುದಿಲ್ಲ. ಬರೆದವರಿಗೆ ತಮ್ಮ ಫ್ಲೈ ಎಷ್ಟು ಬೊಜ್ಜಿನದು ಎಂದು ತಿಳಿದು ನಗು ಬರುತ್ತದೆ.

ಆಮೇಲೆ ಹುಳವನ್ನು ಮಗುಚಿ, ಬಿಳಿ ತಟ್ಟೆಯ ಮೇಲೆ ನೆರಳಿನ ಬೆಳಕಲ್ಲಿ ಹೊಟ್ಟೆಯ ಬಣ್ಣ ನೋಡಿ. ಪಕ್ಕದಲ್ಲಿ ಸ್ಕೇಲು ಇಟ್ಟು ಫೋಟೋ ತೆಗೆಯಿರಿ. ಇದೆಲ್ಲ ಹುಳ ಜೀವಂತ ಇರುವಾಗಲೇ ಆಗಬೇಕು. ಒಣಗಿದರೆ ಬಣ್ಣ ಕಂದುತ್ತದೆ, ಆಲ್ಕೊಹಾಲಿನಲ್ಲಿ ಇಟ್ಟರೆ ಬಿಳಚಿಕೊಳ್ಳುತ್ತದೆ. ನಾನೊಮ್ಮೆ ಹಳದಿ ಹೊಟ್ಟೆಯ ಹುಳವೊಂದನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ತಂದು, ಮರುದಿನ ತೆರೆದು, ಅದು ಇದ್ದ ಬಣ್ಣಕ್ಕೆ ಹೊಂದಿಸಿ ಅರ್ಧ ಡಜನ್ ಕಟ್ಟಿದೆ. ಅಚ್ಚುಕಟ್ಟಾದ ತುಕ್ಕುಗಂದು ಫ್ಲೈಗಳು. ಅಂಥ ಬಣ್ಣದ ಹುಳ ಆ ನೀರಿನಲ್ಲಿ ಹುಟ್ಟಿಯೇ ಇರಲಿಲ್ಲ.

## ಹಂತ 4: ಯಾವ ಬಗೆ?

ಮೊದಲು ಬಾಲದ ಎಳೆ ಎಣಿಸಿ. ಎರಡೇ ಕಂಡರೆ ಅಲ್ಲಿಗೇ ನಿಲ್ಲಿಸಬೇಡಿ. ಮೂರನೆಯದು ಮುರಿದಿದ್ದರೆ ಬುಡದಲ್ಲಿ ಮೋಟು ಉಳಿದಿರುತ್ತದೆ, ಭೂತಗನ್ನಡಿಯಲ್ಲಿ ಕಾಣುತ್ತದೆ. ಇನ್ನೊಂದು ಬಲೆ ಇದೆ: ಹೆಕ್ಸಜೀನಿಯಾ ಎಂಬ ದೊಡ್ಡ ಮೇಫ್ಲೈ ಹಾರುವಾಗ ಎರಡು ಬಾಲದ್ದು, ಅದರ ನಿಂಫಿಗೆ ಮೂರು. ನಿಂಫಿನ ಲೆಕ್ಕವನ್ನು ಡನ್ನಿಗೆ ಹಚ್ಚಬೇಡಿ.

ಬಾಲ ಎರಡು, ದೇಹ ತುಂಬ ದೊಡ್ಡದು, ಹೊಟ್ಟೆ ಹಳದಿ, ಮುಂದಿನ ರೆಕ್ಕೆಯ ಮುಂಭಾಗದ ಅಂಚು ಕಪ್ಪಾಗಿದ್ದರೆ ಉತ್ತರ ಅಮೆರಿಕದ ಹೆಕ್ಸಜೀನಿಯಾ ಲಿಂಬಾಟಾ. ಅಲ್ಲಿನವರ ಬಾಯಲ್ಲಿ ಬರೀ ‘ಹೆಕ್ಸ್’. ಮಿಷಿಗನ್ನಿನಲ್ಲಿ ಜೂನ್ ನಡುವಿನಿಂದ ಜುಲೈವರೆಗೆ, ಮುಸ್ಸಂಜೆಯಿಂದ ಕತ್ತಲಿಗೆ ಏಳುತ್ತದೆ. ನಿಂಫ್ ಹೂಳಿನಲ್ಲಿ U ಆಕಾರದ ಬಿಲ ಕೊರೆದು ಇರುತ್ತದೆ. ಕಲ್ಲು ಹಾಸಿನ ವೇಗದ ನೀರಿನಲ್ಲಿ ಹೆಕ್ಸ್ ಕಂಡೆ ಎಂದು ಯಾರಾದರೂ ಹೇಳಿದರೆ ನಾನು ಮತ್ತೊಮ್ಮೆ ಬಾಲ ಎಣಿಸಲು ಹೇಳುತ್ತೇನೆ.

ಬಾಲ ಮೂರು, ರೆಕ್ಕೆಯ ತುಂಬ ಕಪ್ಪು ಮಚ್ಚೆ ಇದ್ದರೆ ಎಫೆಮೆರಾ ಕುಲ. ಬ್ರಿಟನ್, ಐರ್ಲೆಂಡಿನಲ್ಲಿ ಮೇ ನಡುವಿನಿಂದ ಜೂನ್‌ವರೆಗೆ ಏಳುವ ಎಫೆಮೆರಾ ಡಾನಿಕಾ, ಅಮೆರಿಕದ ಪೂರ್ವ ಭಾಗದಲ್ಲಿ ಮೇ ಕೊನೆಗೆ ಬರುವ ಎಫೆಮೆರಾ ಗಟ್ಯುಲಾಟಾ, ಹಳದಿಗಂದು ಹೊಟ್ಟೆಯ ಬ್ರೌನ್ ಡ್ರೇಕ್ ಅಂದರೆ ಎಫೆಮೆರಾ ಸಿಮುಲನ್ಸ್, ಇವೆಲ್ಲ ಇದೇ ಮನೆತನ.

ಬಾಲ ಮೂರು, ಆದರೆ ರೆಕ್ಕೆಯಲ್ಲಿ ಮಚ್ಚೆಯಿಲ್ಲ, ಸ್ಲೇಟಿನ ಬೂದು ಬಣ್ಣ, ಗಿಡ್ಡ ದಪ್ಪ ಹಸಿರು ದೇಹಕ್ಕೆ ಹಳದಿ ಪಟ್ಟೆ ಇದ್ದರೆ ಅಮೆರಿಕದ ಪಶ್ಚಿಮ ಭಾಗದ ಡ್ರುನೆಲ್ಲಾ ಗ್ರಾಂಡಿಸ್. ಇದು ಹಗಲಿನ ಹುಳ. ಮೋಡ ಕವಿದ ದಿನ ಚೆನ್ನಾಗಿ ಏಳುತ್ತದೆ. ಇಡಾಹೊದ ಹೆನ್ರಿಸ್ ಫೋರ್ಕ್ ಹೊಳೆ ಇದಕ್ಕೆ ಹೆಸರುವಾಸಿ.

ಈಗ ಗೊಂದಲದ ಮೂಲಕ್ಕೆ ಬರೋಣ. ಡಾನಿಕಾದ ಡನ್ನಿಗೂ, ಗಟ್ಯುಲಾಟಾಗೂ, ಈ ಡ್ರುನೆಲ್ಲಾಗೂ ಆಯಾ ಕಡೆಯವರು ಕರೆಯುವುದು ಒಂದೇ ಹೆಸರು: ಗ್ರೀನ್ ಡ್ರೇಕ್. ‘ಗ್ರೀನ್ ಡ್ರೇಕ್ ಕಟ್ಟುವ ವಿಧಾನ’ ಎಂದು ಎಲ್ಲೋ ಓದಿ ಮಚ್ಚೆಯ ರೆಕ್ಕೆ, ಕೆನೆ ಬಣ್ಣದ ಹೊಟ್ಟೆ ಕಟ್ಟಿಕೊಂಡು ಹೆನ್ರಿಸ್ ಫೋರ್ಕಿಗೆ ಹೋದರೆ ಅಲ್ಲಿ ಏಳುವುದು ಬೂದು ರೆಕ್ಕೆಯ ಹಸಿರು ಹುಳ. ಹೆಸರಿನ ಮೇಲೆ ಕಟ್ಟಬೇಡಿ, ಪುಸ್ತಕದಲ್ಲಿ ಬರೆದುಕೊಂಡ ಹುಳದ ಮೇಲೆ ಕಟ್ಟಿ.

ಎರಡು ಬಾಲದ ಗ್ರೇ ಡ್ರೇಕ್, ಅಂದರೆ ಸೈಫ್ಲೋನ್ಯೂರಸ್ ಸಿಕ್ಕರೆ ಡನ್ ಕಟ್ಟುವ ಶ್ರಮ ಉಳಿಯಿತು. ಅದರ ನಿಂಫ್ ದಡಕ್ಕೆ ಈಜಿ, ಗಿಡದ ಕಡ್ಡಿ ಹತ್ತಿ ಪೊರೆ ಬಿಡುತ್ತದೆ, ಡನ್ ಮೀನಿನ ಬಾಯಿಗೆ ಸಿಗುವುದೇ ಅಪರೂಪ. ಸ್ಪಿನ್ನರ್ ಕಟ್ಟಿ.

## ಹಂತ 5: ಮೀನು ತಿನ್ನುತ್ತಿರುವುದು ಯಾವುದನ್ನು?

ಹತ್ತು ನಿಮಿಷ ಕೋಲು ಕೆಳಗಿಟ್ಟು ನೋಡಿ. ನೀರು ಉಬ್ಬಿ ಸುಳಿಯುತ್ತದೆ, ಗುಳ್ಳೆ ಉಳಿಯುವುದಿಲ್ಲ ಎಂದರೆ ಮೇಲೇರುತ್ತಿರುವ ನಿಂಫನ್ನು ಹಿಡಿಯುತ್ತಿದೆ. ಸಪ್ಪಳ ಮಾಡಿ ಗುಳ್ಳೆ ಬಿಟ್ಟುಹೋದರೆ ಡನ್. ಕತ್ತಲಾಗುತ್ತಿದ್ದಂತೆ ಸದ್ದಿಲ್ಲದ ಸಣ್ಣ ಉಂಗುರಗಳು ಒಂದೇ ಜಾಗದಲ್ಲಿ ಎದ್ದರೆ, ರೆಕ್ಕೆ ಚಾಚಿ ಬಿದ್ದ ಸ್ಪಿನ್ನರ್‌ಗಳನ್ನು ನಿಧಾನಕ್ಕೆ ಹೀರುತ್ತಿದೆ. ದೊಡ್ಡ ಮೀನುಗಳ ಉಂಗುರವೇ ಎಷ್ಟೋ ಸಲ ಅತಿ ಸಣ್ಣದು. ತಪ್ಪದ ಆಹಾರಕ್ಕೆ ಅದು ಯಾಕೆ ನೆಗೆಯಬೇಕು?

ಗಾಳಿಯಲ್ಲಿ ಡನ್ ತುಂಬಿದ್ದ ಮಾತ್ರಕ್ಕೆ ಮೀನು ಡನ್ನನ್ನೇ ತಿನ್ನುತ್ತಿದೆ ಎಂದುಕೊಳ್ಳಬೇಡಿ. ಒಂದು ಡನ್ನಿನ ಮೇಲೆ ಕಣ್ಣಿಟ್ಟು, ಅದು ತೇಲುತ್ತಾ ಮೀನನ್ನು ದಾಟುವ ತನಕ ನೋಡಿ. ಮೂರು ಡನ್‌ಗಳು ಸುರಕ್ಷಿತವಾಗಿ ದಾಟಿ ಹೋದರೆ ಉತ್ತರ ನೀರಿನ ಕೆಳಗಿದೆ.

## ಹಂತ 6: ಗಾಳ ಆರಿಸುವುದು

ಗಾಳದ ಸಂಖ್ಯೆ ಕಂಪನಿಯಿಂದ ಕಂಪನಿಗೆ ಸರಿಹೊಂದುವುದಿಲ್ಲ. ದಂಡವನ್ನು, ಅಂದರೆ ಎಳೆ ಕಟ್ಟುವ ಕಣ್ಣಿನಿಂದ ಬಾಗಿನವರೆಗಿನ ನೇರ ಭಾಗವನ್ನು, ಸ್ಕೇಲಿನಲ್ಲಿ ಅಳೆದೇ ತೆಗೆದುಕೊಳ್ಳಿ.

ಸುಮಾರು 18 ಮಿ.ಮೀ. ವರೆಗಿನ ದೇಹವನ್ನು 10 ಅಥವಾ 12ರ ಉದ್ದ ದಂಡದ ಗಾಳದ ಮೇಲೆಯೇ ಕಟ್ಟಬಹುದು. ಅದಕ್ಕಿಂತ ಉದ್ದವಾದರೆ ದೇಹದ ಹಿಂಭಾಗವನ್ನು ಗಾಳದ ಬಾಗಿನಿಂದ ಆಚೆಗೆ ಚಾಚಿ ಕಟ್ಟುವುದು ಒಳ್ಳೆಯದು. ಉದ್ದುದ್ದ ಗಾಳ ಎರಡು ತೊಂದರೆ ಕೊಡುತ್ತದೆ: ತೂಕಕ್ಕೆ ಫ್ಲೈ ಮುಳುಗುತ್ತದೆ, ಸಿಕ್ಕಿದ ಮೀನು ತಲೆ ಒದರಿದಾಗ ಉದ್ದನೆಯ ದಂಡ ಸನ್ನೆಕೋಲಿನಂತೆ ಮೀಟಿ ಗಾಳವನ್ನು ಬಾಯಿಂದ ಕೀಳುತ್ತದೆ.

## ಹಂತ 7: ಡನ್ ಕಟ್ಟುವುದು

ಉದಾಹರಣೆಗೆ 26 ಮಿ.ಮೀ. ದೇಹದ ಹೆಕ್ಸ್ ತೆಗೆದುಕೊಳ್ಳೋಣ. ಗಾಳದ ದಂಡ 14 ಮಿ.ಮೀ. ಇದ್ದರೆ ದೇಹದ ಸುಮಾರು 12 ಮಿ.ಮೀ. ಆಚೆ ಚಾಚಬೇಕು. ಎಫೆಮೆರಾಗೂ ಇದೇ ಕ್ರಮ. ಅಳತೆ, ಬಣ್ಣ, ಬಾಲದ ಎಣಿಕೆ ಮಾತ್ರ ಬೇರೆ.

1. ಗಾಳದ ಮೊನೆಯ ಹಿಂದಿರುವ ಮರುಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿ. ಇದನ್ನು ಮೊದಲೇ ಮಾಡಿ, ಏಕೆಂದರೆ ಕೆಲವು ಗಾಳಗಳು ಒತ್ತಿದಾಗ ಮುರಿಯುತ್ತವೆ. ಇಪ್ಪತ್ತು ನಿಮಿಷದ ಕೆಲಸ ಮುಗಿದ ಮೇಲೆ ಮುರಿದರೆ ಬರುವ ಸಿಟ್ಟನ್ನು ನಾನು ಬಲ್ಲೆ.

2. ದಾರವನ್ನು ಕಣ್ಣಿನ ಹಿಂದಿನಿಂದ ಬಾಗಿನವರೆಗೆ ಸುತ್ತಿ ಹಾಸು ಮಾಡಿ. ಕಣ್ಣಿನ ಹಿಂದೆ ಎರಡು ಕಣ್ಣಗಲದಷ್ಟು ದಂಡ ಬರಿದಾಗಿ ಉಳಿಯಬೇಕು. ಇಲ್ಲಿ ಜಾಗ ಬಿಡದವರಿಗೆ ಕೊನೆಗೆ ಗಂಟು ಹಾಕಲು ಜಾಗವಿಲ್ಲ, ಕಣ್ಣೂ ಮುಚ್ಚಿಹೋಗಿರುತ್ತದೆ.

3. ಕಣ್ಣಿನಿಂದ ಮೂರನೇ ಒಂದು ಭಾಗ ಹಿಂದೆ, ಪಾಲಿ ನೂಲನ್ನು ದಂಡದ ಕೆಳಗಿನಿಂದ ಹಾಯಿಸಿ ಎರಡೂ ತುದಿ ಮೇಲೆತ್ತಿ ಕಟ್ಟಿ. ಬುಡದಿಂದ ಮೇಲಕ್ಕೆ 3 ಮಿ.ಮೀ. ದಾರ ಸುತ್ತಿ ಗಟ್ಟಿ ಕಂಬ ಮಾಡಿ. ಇದೇ ರೆಕ್ಕೆ. ಎತ್ತರ ದೇಹದ ಮುಕ್ಕಾಲಿಗಿಂತ ಹೆಚ್ಚು ಬೇಡ. ನಿಜವಾದ ರೆಕ್ಕೆ ಅದಕ್ಕಿಂತ ಎತ್ತರವಿರಬಹುದು, ಆದರೆ ನೂಲಿನ ಎತ್ತರದ ರೆಕ್ಕೆ ಫ್ಲೈಯನ್ನು ಮಗ್ಗುಲಿಗೆ ಉರುಳಿಸುತ್ತದೆ.

4. ಬಾಲಕ್ಕೆ ಮೂಸ್ ಕೂದಲು, ಹೆಕ್ಸಿಗೆ ಎರಡು, ಎಫೆಮೆರಾಗೆ ಮೂರು. ದೇಹ ಎಲ್ಲಿ ಮುಗಿಯಬೇಕೋ ಅಲ್ಲಿಂದಾಚೆ ಬಾಲ ಹೊರಡುವಂತೆ ಉದ್ದ ಲೆಕ್ಕ ಹಾಕಿ ದಂಡದ ಮೇಲೆ ಕಟ್ಟಿ.

5. ಜಿಂಕೆ ಕೂದಲಿನ ಕಟ್ಟು ತೆಗೆದುಕೊಳ್ಳಿ. ಬೆರಳಲ್ಲಿ ಒತ್ತಿದಾಗ ಬೆಂಕಿಕಡ್ಡಿಯ ದಪ್ಪ ಸಾಕು. ಬುಡದ ತುಪ್ಪಳವನ್ನು ಬಾಚಿ ತೆಗೆಯಿರಿ, ಸ್ಟ್ಯಾಕರಿನಲ್ಲಿ ತುದಿ ಸಮ ಮಾಡಿ. ಬುಡವನ್ನು ರೆಕ್ಕೆಯ ಹಿಂದೆಯೇ ಕಟ್ಟಿ, ತುದಿಗಳು ಬಾಲದ ಕಡೆಗಿರಲಿ. ಕೂದಲು ದಂಡದ ಸುತ್ತ ಹರಡಿಕೊಳ್ಳಬೇಕು. ಜಿಂಕೆ ಕೂದಲು ಟೊಳ್ಳು, ಬಿಗಿದಲ್ಲಿ ಹೂವಿನಂತೆ ಅರಳಿ ನಿಲ್ಲುತ್ತದೆ. ಹಾಗಾಗಿ ಬಿಗಿ ಸುತ್ತು ರೆಕ್ಕೆಯ ಹಿಂದೆ ಮತ್ತು ದೇಹದ ತುದಿಯಲ್ಲಿ ಮಾತ್ರ.

6. ಎಡಗೈಯಲ್ಲಿ ಕೂದಲು, ಬಾಲ ಎರಡನ್ನೂ ಸೇರಿಸಿ ಸ್ವಲ್ಪ ಮೇಲಕ್ಕೆತ್ತಿ ಹಿಡಿದು, ದಾರವನ್ನು ಅಗಲ ಅಂತರದ ಸುರುಳಿಯಾಗಿ ಹಿಂದಕ್ಕೆ ಒಯ್ಯಿರಿ. ಬಾಗು ದಾಟಿದ ಮೇಲೆ ದಾರ ಸುತ್ತುವುದು ಬರೀ ಕೂದಲಿನ ಕಟ್ಟನ್ನು. ದೇಹದ ತುದಿಯಲ್ಲಿ ಮೂರು ನಾಲ್ಕು ಗಟ್ಟಿ ಸುತ್ತು ಹಾಕಿ ಅದೇ ಅಂತರದಲ್ಲಿ ವಾಪಸು ಬನ್ನಿ. ಹೋದ ದಾರವೂ ಬಂದ ದಾರವೂ ಅಡ್ಡಾದಿಡ್ಡಿ ಸೇರಿ ಹುಳದ ಮೈಗೆರೆಯಂತೆ ಕಾಣುತ್ತದೆ. ಮೇಫ್ಲೈ ಹೊಟ್ಟೆಗೆ ಹತ್ತು ಖಂಡಗಳಿವೆ, ನಿಮ್ಮ ಸುರುಳಿ ಏಳೆಂಟಾದರೂ ಸಾಕು. ಎಚ್ಚರಿಕೆಯ ಗುರುತು: ಚಾಚಿದ ಭಾಗ ಕೆಳಕ್ಕೆ ಜೋತುಬಿದ್ದರೆ ದಾರ ಅತಿ ಬಿಗಿಯಾಗಿದೆ. ಬಿಚ್ಚಿ ಮತ್ತೆ ಸುತ್ತಿ, ಹಾಗೇ ಮುಂದುವರಿದರೆ ಗಾಳದ ಬಾಯಿ, ಅಂದರೆ ದಂಡಕ್ಕೂ ಮೊನೆಗೂ ನಡುವಿನ ಜಾಗ, ಮುಚ್ಚುತ್ತದೆ.

7. ಬಾಲದ ಎಳೆ ಬಿಟ್ಟು ಹೆಚ್ಚುವರಿ ಕೂದಲ ತುದಿಗಳನ್ನು ಕತ್ತರಿಸಿ. ತುದಿಯ ಸುತ್ತಿಗೆ ಸೂಜಿಯ ಮೊನೆಯಲ್ಲಿ ಒಂದು ಹನಿ ಅಂಟು. ರೆಕ್ಕೆಯ ಹಿಂದೆ ಮುಂದೆ ತೆಳುವಾಗಿ ಡಬ್ಬಿಂಗ್ ಸುತ್ತಿ. ಡಬ್ಬಿಂಗ್ ಒದ್ದೆಯಾದಾಗ ಬಣ್ಣ ಗಾಢವಾಗುತ್ತದೆ, ಆದ್ದರಿಂದ ಹೊಟ್ಟೆಯ ಬಣ್ಣಕ್ಕಿಂತ ಒಂದು ಛಾಯೆ ತಿಳಿಯಾದದ್ದು ಆರಿಸಿ, ಬೆರಳಲ್ಲಿ ತೇವ ಮಾಡಿ ಫೋಟೋದೊಂದಿಗೆ ಹೋಲಿಸಿ.

8. ಹ್ಯಾಕಲನ್ನು ರೆಕ್ಕೆಯ ಬುಡಕ್ಕೆ ಕಟ್ಟಿ ಅಲ್ಲಿನ ಕಂಬಕ್ಕೆ ಐದಾರು ಸುತ್ತು. ಪ್ರತಿ ಸುತ್ತೂ ಹಿಂದಿನದರ ಕೆಳಗೆ ಕೂರಬೇಕು. ಗರಿಯ ಎಳೆ ಗಾಳದ ಬಾಯಿಯ ಅಗಲದ ಒಂದೂವರೆ ಪಟ್ಟು ಇರಲಿ. ಕಣ್ಣಿನ ಹಿಂದೆ ಕಟ್ಟಿ, ಗಂಟು ಬಿಗಿದು, ವಾರ್ನಿಷ್ ಹಚ್ಚಿ.

ಮುಗಿದ ಫ್ಲೈಯನ್ನು ಮಗುಚಿ ಹೊಟ್ಟೆ ಕಡೆಯಿಂದ ನೋಡಿ. ಬರೆದುಕೊಂಡ ದಪ್ಪಕ್ಕೆ ಅಳೆಯಿರಿ. ಮೀರಿದ್ದರೆ ಮುಂದಿನದಕ್ಕೆ ಕೂದಲು ಕಡಿಮೆ ಮಾಡಿ. ಮೊದಲ ಮೂರು ದಪ್ಪವೇ ಆಗುತ್ತವೆ.

## ಹಂತ 8: ಸ್ಪಿನ್ನರ್

ದೇಹದ ಕ್ರಮ ಅದೇ, ಕೂದಲಿನ ಕಟ್ಟು ಇನ್ನೂ ತೆಳು. ಮೊಟ್ಟೆಯಿಟ್ಟ ಹೆಣ್ಣಿನ ಹೊಟ್ಟೆ ಖಾಲಿ ಚೀಲ. ಬಣ್ಣ ಮತ್ತೆ ಹುಳದಿಂದಲೇ ನೋಡಿ: ಗಟ್ಯುಲಾಟಾದ ಡನ್ ಹಸಿರು ಛಾಯೆಯ ರೆಕ್ಕೆಯದ್ದಾದರೂ ಸ್ಪಿನ್ನರಿನ ಹೊಟ್ಟೆ ಸುಣ್ಣದಂತೆ ಬಿಳಿ. ಅಲ್ಲಿನವರು ಅದನ್ನು ಕಾಫಿನ್ ಫ್ಲೈ, ಅಂದರೆ ಶವಪೆಟ್ಟಿಗೆಯ ಹುಳ, ಅನ್ನುತ್ತಾರೆ.

ರೆಕ್ಕೆಗೆ ಬಿಳಿ ಪಾಲಿ ನೂಲನ್ನು ದಂಡಕ್ಕೆ ಅಡ್ಡಲಾಗಿ, ಎಂಟಂಕಿಯ ಸುತ್ತಿನಲ್ಲಿ ಕಟ್ಟಿ, ಎರಡೂ ಕಡೆ ದೇಹದಷ್ಟೇ ಉದ್ದ ಬಿಡಿ. ನೂಲಿನ ಅರ್ಧ ದಪ್ಪ ಸಾಕು. ದಪ್ಪ ರೆಕ್ಕೆ ಬೀಸುವಾಗ ಗಿರಗಿಟ್ಟಲೆಯಂತೆ ತಿರುಗುತ್ತದೆ. ಬಾಲದ ಎಳೆಗಳನ್ನು ದೇಹದ ತುದಿಯ ಸುತ್ತಿನಲ್ಲೇ ದಾರದಿಂದ ಬೇರ್ಪಡಿಸಿ ಅಗಲಿಸಿ, ಫ್ಲೈ ಮಗುಚದಂತೆ ಅವೇ ಹಿಡಿದಿಡುತ್ತವೆ.

## ಹಂತ 9: ಬಿಲದ ನಿಂಫ್

ಹೆಕ್ಸ್ ಮತ್ತು ಎಫೆಮೆರಾ ನಿಂಫಿನ ಗುರುತು ಎರಡು: ತಲೆಯ ಮುಂದೆ ಚಾಚಿದ ಕೋರೆಗಳು, ಹೊಟ್ಟೆಯ ಉದ್ದಕ್ಕೂ ನಯವಾದ ಗರಿಯಂಥ ಕಿವಿರುಗಳು. ಕೋರೆ ಕಟ್ಟಬೇಡಿ. ಕಿವಿರು ಕಟ್ಟಿ, ನೀರಿನಲ್ಲಿ ಮಿಡಿಯುವುದು ಅದೇ.

ಉದ್ದ ದಂಡದ 8ರ ಗಾಳ. ತೂಕದ ತಂತಿಯನ್ನು ಮುಂದಿನ ಮೂರನೇ ಒಂದು ಭಾಗಕ್ಕೆ ಮಾತ್ರ ಸುತ್ತಿ. ಸೀಸಕ್ಕೆ ನಿಷೇಧವಿರುವ ನೀರಿದ್ದರೆ ಸೀಸವಿಲ್ಲದ ತಂತಿ. ಬಾಲಕ್ಕೆ ಮತ್ತು ಕಿವಿರಿಗೆ ಬೂದು ಮ್ಯಾರಬೂ ಅಥವಾ ಆಸ್ಟ್ರಿಚ್ ಗರಿ, ದೇಹಕ್ಕೆ ಹಳದಿಗಂದು ಡಬ್ಬಿಂಗ್, ಬೆನ್ನಿಗೆ ಫೆಸೆಂಟ್ ಬಾಲದ ಎಳೆ. ನಿಂಫ್ ಈಜುವುದು ಹೊಟ್ಟೆಯನ್ನು ಮೇಲೆ ಕೆಳಗೆ ಅಲೆಯಾಡಿಸಿ, ಮೀನಿನಂತೆ ಪಕ್ಕಕ್ಕಲ್ಲ. ತೂಕ ಮುಂದಿದ್ದರೆ ಮೆಲ್ಲನೆ ಎಳೆದು ಬಿಟ್ಟಾಗ ತಲೆ ಇಳಿದು ಏಳುತ್ತದೆ, ಆ ಅಲೆ ತಾನೇ ಬರುತ್ತದೆ.

ಡ್ರುನೆಲ್ಲಾಗೆ ಇದು ನಡೆಯುವುದಿಲ್ಲ. ಅದು ಕಲ್ಲಿನ ಮೇಲೆ ತೆವಳುವ ಗಿಡ್ಡ, ದಪ್ಪ ಕಾಲಿನ ನಿಂಫ್. ಗಿಡ್ಡ ದಂಡದ ಗಾಳದಲ್ಲಿ, ತಳಕ್ಕೆ ತಾಗುವಷ್ಟು ತೂಕದಲ್ಲಿ ಕಟ್ಟಿ.

## ಹಂತ 10: ಬೋಗುಣಿ, ಆಮೇಲೆ ಹೊಳೆ

ಬೋಗುಣಿಯಲ್ಲಿ ನೀರು ತುಂಬಿ, ಡನ್ನನ್ನು ಒಂದಡಿ ಎತ್ತರದಿಂದ ಹತ್ತು ಸಲ ಬಿಡಿ. ಎಂಟು ಸಲವಾದರೂ ರೆಕ್ಕೆ ಮೇಲಾಗಿ ಕೂರಬೇಕು. ಯಾವಾಗಲೂ ಒಂದೇ ಮಗ್ಗುಲಿಗೆ ಬಿದ್ದರೆ ರೆಕ್ಕೆ ಓರೆಯಾಗಿದೆ. ಎರಡೂ ಕಡೆ ಬಿದ್ದರೆ ರೆಕ್ಕೆ ಎತ್ತರ, ತುದಿಯಿಂದ 2 ಮಿ.ಮೀ. ಕತ್ತರಿಸಿ ಮತ್ತೆ ಬಿಡಿ.

ಹೊಳೆಯಲ್ಲಿ ಟಿಪ್ಪೆಟ್, ಅಂದರೆ ಫ್ಲೈ ಕಟ್ಟುವ ತುದಿಯ ಎಳೆ, 3X ಅಥವಾ 4X ಬಳಸಿ, ದಪ್ಪ 0.20 ಅಥವಾ 0.18 ಮಿ.ಮೀ. ಅದಕ್ಕಿಂತ ತೆಳುವಿಗೆ ದೊಡ್ಡ ಫ್ಲೈ ಕಟ್ಟಿದರೆ ನಾಲ್ಕು ಬೀಸಿಗೆ ಹುರಿಗಟ್ಟುತ್ತದೆ. ಫ್ಲೈಯನ್ನು ಬೆರಳಿನಿಂದ ಬಿಟ್ಟು ತೂಗಾಡಿಸಿದಾಗ ಗಿರ್ರನೆ ತಿರುಗಿದರೆ ಅದು ಹುರಿಗಟ್ಟಿದ್ದರ ಗುರುತು. ಕತ್ತಲಲ್ಲಿ ಬೀಸುವವರು ಪಾರದರ್ಶಕ ಕನ್ನಡಕ ಹಾಕಲೇಬೇಕು. ತಲೆಗೆ ಕಟ್ಟಿದ ದೀಪವನ್ನು ನೀರಿನ ಕಡೆಗೆ ತಿರುಗಿಸಬೇಡಿ, ಮೀನು ಏಳುವುದು ನಿಲ್ಲುತ್ತದೆ.

ಮೀನು ಬಂದು, ಮೂಗು ಹಚ್ಚಿ, ಹಿಂದೆ ಸರಿದರೆ ಡಬ್ಬಿ ತೆರೆಯುವ ಮೊದಲು ಕತ್ತರಿ ತೆಗೆಯಿರಿ. ಹ್ಯಾಕಲಿನ ಎಳೆಗಳನ್ನು ಅರ್ಧದಷ್ಟು ಕಡಿಮೆ ಮಾಡಿ. ಆಗ ದೇಹ ನೀರಿಗೆ ಇನ್ನಷ್ಟು ಅಂಟಿ ಕೂರುತ್ತದೆ. ಅದೇ ಮೀನಿಗೆ, ಅದೇ ಜಾಗದಲ್ಲಿ, ಎರಡು ನಿಮಿಷ ಬಿಟ್ಟು ಮತ್ತೆ ಹಾಕಿ.